ಹದಿನೈದನೆಯ ಕಲ್ಲು: ಸೋತ ಒಂದು ಗೋ ಪಂದ್ಯದ ಆರಂಭದ ಪರಿಶೀಲನೆ

ಗೋ ಎಂದರೆ ಇಬ್ಬರು ಕಪ್ಪು ಮತ್ತು ಬಿಳಿ ಕಲ್ಲುಗಳನ್ನು ಸರದಿಯಂತೆ ಗೆರೆಗಳು ಕೂಡುವ ಬಿಂದುಗಳಲ್ಲಿಟ್ಟು, ಹೆಚ್ಚು ಜಾಗ ಸುತ್ತುವರಿಯಲು ಆಡುವ ಹಲಗೆಯಾಟ; ಪೂರ್ತಿ ಸುತ್ತುವರಿಯಲ್ಪಟ್ಟ ಕಲ್ಲುಗಳು ಸೆರೆಯಾಗುತ್ತವೆ. ಈ ಬರಹ ಅಂಥ ಒಂದೇ ಒಂದು ಆಟವನ್ನು, ಅದರಲ್ಲೂ ಆ ಆಟದ ಮೊದಲ ಇಪ್ಪತ್ತೆರಡು ನಡೆಗಳನ್ನು ಕುರಿತದ್ದು. ಆಡಿದವಳು ಹಾಸನದಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿರುವ ವಿದ್ಯಾರ್ಥಿನಿ. ಸಾಲಗಾಮೆ ರಸ್ತೆಯ ಒಂದು ಮನೆಯಲ್ಲಿ ಭಾನುವಾರಗಳಂದು ಗೋ ಆಡಲು ಸೇರುವ ನಮ್ಮ ಸಣ್ಣ ಗುಂಪಿನಲ್ಲಿ ಅತ್ಯಂತ ಶ್ರದ್ಧೆಯಿಂದ ಕಲಿಯುತ್ತಿರುವವಳು. ಅಂತರಜಾಲದಲ್ಲಿ ನಡೆದ ಐದು ಸುತ್ತಿನ ಪಂದ್ಯಾವಳಿಯೊಂದರ ಮೂರನೆಯ ಸುತ್ತಿನಲ್ಲಿ ಅವಳಿಗೆ ಕಪ್ಪು ಕಲ್ಲು ಬಂದಿತ್ತು. ಅವಳ ದರ್ಜೆ 7 ಕ್ಯು, ಎದುರಾಳಿಯದು 5 ಕ್ಯು (ಕ್ಯು ದರ್ಜೆಯಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಆಟಗಾರ ಬಲಿಷ್ಠ). ಆದರೂ ಯಾವ ರಿಯಾಯಿತಿಯೂ ಇಲ್ಲದ ಸಮಾನ ಆಟ. ಕಪ್ಪು ಮೊದಲು ಆಡುವುದಕ್ಕೆ ಪರಿಹಾರವಾಗಿ ಬಿಳಿಗೆ ಸಲ್ಲುವ ಕೋಮಿ 6.5 ಅಂಕ. ಕೊನೆಯ ಎಣಿಕೆಯಲ್ಲಿ ಕಪ್ಪು 13.5 ಅಂಕಗಳಿಂದ ಸೋತಿತು.

ಸೋಲಿನ ಕಾರಣ ಅವಳ ಮಟ್ಟಿಗೆ ಸ್ಪಷ್ಟವಾಗಿತ್ತು. 51ನೆಯ ನಡೆಯಲ್ಲಿ ಅವಳು ಎಡಬದಿಯ ಬಿಳಿ ಪ್ರದೇಶದೊಳಗೆ ನುಗ್ಗಿದ್ದಳು. ಸುಮಾರು ನಲವತ್ತು ನಡೆಗಳ ಹೊಡೆದಾಟದ ನಂತರ ಅಲ್ಲಿನ ಹನ್ನೊಂದು ಕಪ್ಪು ಕಲ್ಲುಗಳು ಸೆರೆಯಾದವು. "ಅಲ್ಲಿ ಎರಡು ಕಣ್ಣು ಮಾಡೋ ದಾರಿ ಇತ್ತು ಸರ್, ನಾನು ನೋಡಲಿಲ್ಲ" ಎಂದು ಅವಳು ಮೊದಲೇ ತೀರ್ಪು ಕೊಟ್ಟುಕೊಂಡು ಬಂದಿದ್ದಳು. ಕಣ್ಣು ಎಂದರೆ ಕಲ್ಲುಗಳ ಗುಂಪು ತನ್ನೊಳಗೆ ಸುತ್ತುವರಿದ ಖಾಲಿ ಜಾಗ; ಅಂಥ ಎರಡಿದ್ದರೆ ಆ ಗುಂಪನ್ನು ಸೆರೆಹಿಡಿಯಲಾಗದು. ಗೋ ಆಟವನ್ನು ವಿಶ್ಲೇಷಿಸುವ ಕಟಾಗೋ ತಂತ್ರಾಂಶದಲ್ಲಿ ಆಟವನ್ನು ಓಡಿಸಿದಾಗ ಗೆಲುವಿನ ಸಂಭವದ ಗೆರೆ ಕಡಿದಾಗಿ ಬಿದ್ದಿದ್ದೂ ಅಲ್ಲಿಯೇ. ಆಟಗಾರ್ತಿ ಮತ್ತು ಯಂತ್ರ ಒಂದೇ ಜಾಗಕ್ಕೆ ಬೆರಳು ತೋರಿಸಿದರೆ ಪರಿಶೀಲನೆ ಅಲ್ಲಿಗೇ ಮುಗಿಯುವುದು ರೂಢಿ. ನನ್ನ ಅಭಿಪ್ರಾಯದಲ್ಲಿ ಈ ಆಟದ ಮಟ್ಟಿಗೆ ಅದು ಸರಿಯಲ್ಲ. 51ರಲ್ಲಿ ನುಗ್ಗಲೇಬೇಕಾದ ಸ್ಥಿತಿ ಹೇಗೆ ಬಂತು ಎಂಬುದನ್ನು ಹಿಂದಕ್ಕೆ ಹುಡುಕುತ್ತ ಹೋದರೆ, ಗೆರೆಯಲ್ಲಿ ಕೇವಲ ಸಣ್ಣ ತಗ್ಗಾಗಿ ಕಾಣುವ ಒಂದು ನಡೆಯ ಬಳಿ ನಾವು ನಿಲ್ಲುತ್ತೇವೆ. ಅದು ಹದಿನೈದನೆಯ ನಡೆ.

ಹಲಗೆಯ ಮೇಲಿನ ಸ್ಥಾನಗಳನ್ನು ಇಲ್ಲಿ ವಾಡಿಕೆಯ ರೀತಿಯಲ್ಲೇ ಗುರುತಿಸಿದ್ದೇನೆ: ಎಡದಿಂದ ಬಲಕ್ಕೆ ಎ ಇಂದ ಟಿ ವರೆಗೆ (ಐ ಅಕ್ಷರವನ್ನು ಬಿಡಲಾಗುತ್ತದೆ), ಕೆಳಗಿನಿಂದ ಮೇಲಕ್ಕೆ 1ರಿಂದ 19. ಓದುವವರು ಮುಂದೊಂದು ಹಲಗೆ ಇಟ್ಟುಕೊಂಡರೆ ಒಳ್ಳೆಯದು. ಕಾಗದದ ಮೇಲೆ ಹತ್ತೊಂಬತ್ತು ಗೆರೆ ಅಡ್ಡ, ಹತ್ತೊಂಬತ್ತು ಗೆರೆ ಉದ್ದ ಎಳೆದುಕೊಂಡರೂ ಸಾಕು. ನಮ್ಮ ಗುಂಪಿನ ಹಲಗೆಯೂ ಅಂಗಡಿಯಿಂದ ಬಂದದ್ದಲ್ಲ, ಪ್ಲೈವುಡ್ಡಿನ ಮೇಲೆ ಗೆರೆ ಎಳೆದು ಮಾಡಿಕೊಂಡದ್ದು.

ಮೊದಲ ಐದು ನಡೆಗಳು ಹೀಗಿದ್ದವು: ಕಪ್ಪು ಕ್ಯೂ-16, ಬಿಳಿ ಡಿ-16, ಕಪ್ಪು ಕ್ಯೂ-4, ಬಿಳಿ ಡಿ-4, ಕಪ್ಪು ಕ್ಯೂ-10. ಬಲಬದಿಯ ಮೂರು ನಕ್ಷತ್ರ ಬಿಂದುಗಳನ್ನೂ (ಹಲಗೆಯ ಮೇಲೆ ಚುಕ್ಕೆಯಿಟ್ಟು ಗುರುತಿಸಿದ ಬಿಂದುಗಳು) ಕಪ್ಪು ಹಿಡಿದಿದೆ. ಜಪಾನಿನಲ್ಲಿ ಇದಕ್ಕೆ ಸಾನ್‌ರೆನ್‌ಸೆಯ್ ಎನ್ನುತ್ತಾರೆ. ಜಪಾನಿನ ವೃತ್ತಿಪರ ಆಟಗಾರ ತಾಕೆಮಿಯಾ ಮಸಾಕಿ ಈ ವಿನ್ಯಾಸದಿಂದ ನಡುಬಯಲನ್ನೇ ಕಟ್ಟಿಕೊಂಡು ಗೆಲ್ಲುತ್ತಿದ್ದ ಬಗೆ ಪ್ರಸಿದ್ಧ. ಇಂದಿನ ಯಂತ್ರಗಳು ಇದನ್ನು ಅಷ್ಟಾಗಿ ಮೆಚ್ಚುವುದಿಲ್ಲ ಎಂಬುದು ನಿಜ, ಆದರೆ ಈ ದರ್ಜೆಯ ಆಟದಲ್ಲಿ ಆ ಕಾರಣಕ್ಕೆ ಸೋಲು ಬರುವುದಿಲ್ಲ. ಆದ್ದರಿಂದ ಐದನೆಯ ನಡೆಯನ್ನು ನಾನು ಪ್ರಶ್ನಿಸುವುದಿಲ್ಲ. ನಾನು ಕೇಳುವುದು ಇಷ್ಟು: ಕ್ಯೂ-10ರಲ್ಲಿ ಕಲ್ಲಿಟ್ಟವರು 'ಬಲಬದಿ ನನ್ನದು' ಎಂದು ಹೇಳಿದಂತಾಯಿತು, ಮುಂದಿನ ನಡೆಗಳು ಆ ಮಾತನ್ನು ಉಳಿಸಿಕೊಂಡವೇ?

ಆರನೆಯ ನಡೆಯಲ್ಲಿ ಬಿಳಿ ನೇರವಾಗಿ ಆರ್-17ಕ್ಕೆ, ಅಂದರೆ ಬಲಮೇಲಿನ ಮೂಲೆಯ ಮೂರು-ಮೂರು ಬಿಂದುವಿಗೆ (ಎರಡೂ ಅಂಚುಗಳಿಂದ ಮೂರನೆಯ ಗೆರೆಗಳು ಕೂಡುವಲ್ಲಿಗೆ) ನುಗ್ಗಿತು. ಹತ್ತು ಹದಿನೈದು ವರ್ಷಗಳ ಹಿಂದಾಗಿದ್ದರೆ ಇಷ್ಟು ಬೇಗ ಅಲ್ಲಿಗೆ ಹೋಗುವುದನ್ನು ಗುರುಗಳು ಗದರುತ್ತಿದ್ದರು, ಏಕೆಂದರೆ ಮೂಲೆಯ ಸಣ್ಣ ಜಾಗಕ್ಕಾಗಿ ಎದುರಾಳಿಗೆ ಹೊರಗೆ ದಪ್ಪ ಗೋಡೆ ಕಟ್ಟಿಕೊಟ್ಟಂತಾಗುತ್ತದೆ ಎಂಬ ನಂಬಿಕೆ ಇತ್ತು. 2016ರ ಮಾರ್ಚಿನಲ್ಲಿ ಗೋ ಆಡುವ ಕಂಪ್ಯೂಟರ್ ತಂತ್ರಾಂಶ ಆಲ್ಫಾಗೋ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಆ ದೇಶದ ಅಗ್ರ ವೃತ್ತಿಪರ ಆಟಗಾರ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿದ ಮೇಲೆ, ಅದೇ ವರ್ಷದ ಕೊನೆಯಿಂದ 2017ರ ಜನವರಿಯವರೆಗೆ ಅದರ ಸುಧಾರಿತ ರೂಪ 'ಮಾಸ್ಟರ್' ಹೆಸರಿನಲ್ಲಿ ಅಂತರಜಾಲದಲ್ಲಿ ವೃತ್ತಿಪರರ ವಿರುದ್ಧ 60 ಆಟಗಳನ್ನು ಸತತವಾಗಿ ಗೆದ್ದ ಮೇಲೆ, ಆ ನಂಬಿಕೆ ಸಡಿಲವಾಯಿತು. ಈಗ ಮೂರು-ಮೂರಕ್ಕೆ ಬೇಗ ನುಗ್ಗುವುದು ದಿನನಿತ್ಯದ ನಡೆ. ಆದರೆ ಇದರಿಂದ ಗೋಡೆಯ ಬೆಲೆ ಸೊನ್ನೆಯಾಯಿತು ಎಂದು ಅರ್ಥವಲ್ಲ. ಗೋಡೆ ಯಾವ ಕಡೆ ಮುಖ ಮಾಡಿದೆ, ಅದರ ಮುಂದೆ ಏನಿದೆ ಎಂಬುದು ಹಿಂದಿಗಿಂತ ಹೆಚ್ಚು ಮುಖ್ಯವಾಯಿತು.

ಏಳನೆಯ ನಡೆಯಲ್ಲಿ ಕಪ್ಪಿಗೆ ಇದ್ದ ಆಯ್ಕೆ ಎರಡೇ: ಆರ್-16ರಲ್ಲಿ ತಡೆದು ಬಿಳಿಯನ್ನು ಮೇಲ್ಬದಿಯತ್ತ ಕಳುಹಿಸುವುದು, ಅಥವಾ ಕ್ಯೂ-17ರಲ್ಲಿ ತಡೆದು ಬಲಬದಿಯತ್ತ ಕಳುಹಿಸುವುದು. ಬಲಬದಿಯಲ್ಲಿ ಕಪ್ಪಿನ ಕ್ಯೂ-10 ಕಾಯುತ್ತಿದೆ. ಮೇಲ್ಬದಿಯಲ್ಲಿ ಕಪ್ಪಿಗೆ ಏನೂ ಇಲ್ಲ, ಆಚೆ ತುದಿಯಲ್ಲಿ ಬಿಳಿಯ ಡಿ-16 ಇದೆ. ಆದ್ದರಿಂದ ಆರ್-16 ಎಂಬುದರಲ್ಲಿ ಸಂದೇಹವಿಲ್ಲ. ಅವಳು ಕ್ಯೂ-17 ಆಡಿದಳು. ನೀರು ಹರಿದುಬರುವ ಮೇಲ್ಬದಿಗೆ ಏರಿ ಕಟ್ಟಿ ಕೆಳಗಡೆಯನ್ನು ತೆರೆದಿಟ್ಟ ಕೆರೆಯಂತೆ, ಕಪ್ಪು ತಾನು ಕಾಪಾಡಬೇಕಾದ ಕಡೆಯನ್ನೇ ಬಿಟ್ಟುಕೊಟ್ಟಿತು.

ಪ್ರತಿ ನಡೆಗೆ ಎಷ್ಟು ಸಮಯ ಹಿಡಿಯಿತು ಎಂಬುದನ್ನು ಆಟದ ದಾಖಲೆ ತೋರಿಸುತ್ತದೆ. ಈ ನಡೆಗೆ ಅವಳು ತೆಗೆದುಕೊಂಡದ್ದು ನಾಲ್ಕು ಸೆಕೆಂಡು. ಎಡಬದಿಯ ಹೊಡೆದಾಟದಲ್ಲಿ ಒಂದೊಂದು ನಡೆಗೆ ಐದಾರು ನಿಮಿಷ ಕಳೆದವಳು ಇಲ್ಲಿ ಯೋಚಿಸಿಯೇ ಇಲ್ಲ. ಕಾರಣ ಕೇಳಿದಾಗ, ವೃತ್ತಿಪರರ ಒಂದು ಆಟವನ್ನು ಹಲಗೆಯ ಮೇಲೆ ಮತ್ತೆ ಮತ್ತೆ ಆಡಿ ಬಾಯಿಪಾಠ ಮಾಡಿದ್ದಾಗಿಯೂ, ಅದರಲ್ಲಿ ತಡೆ ಕ್ಯೂ-17ರಲ್ಲೇ ಇದ್ದುದಾಗಿಯೂ ಹೇಳಿದಳು. ಆ ಆಟವನ್ನು ತರಿಸಿ ನೋಡಿದೆವು. ಅಲ್ಲಿ ಕಪ್ಪಿನ ಸಹಾಯದ ಕಲ್ಲು ಬಲಬದಿಯಲ್ಲಿರಲಿಲ್ಲ, ಮೇಲ್ಬದಿಯಲ್ಲಿತ್ತು. ಜೋಸೆಕಿ, ಅಂದರೆ ಮೂಲೆಯಲ್ಲಿ ಇಬ್ಬರಿಗೂ ನ್ಯಾಯವೆನಿಸುವ ಸಿದ್ಧ ನಡೆಗಳ ಸರಣಿ, ಅವಳಿಗೆ ಸರಿಯಾಗಿಯೇ ನೆನಪಿತ್ತು. ಆ ಸರಣಿ ಯಾವ ನೆರೆಹೊರೆಯಲ್ಲಿ ನ್ಯಾಯ ಎಂಬ ಷರತ್ತು ಮಾತ್ರ ನೆನಪಿನಲ್ಲಿ ಉಳಿದಿರಲಿಲ್ಲ. ಗುರುವಿಲ್ಲದ ಊರುಗಳಲ್ಲಿ ಪರದೆ ನೋಡಿ ಕಲಿಯುವ ಮಕ್ಕಳಲ್ಲಿ ಇದನ್ನು ನಾನು ಬಹಳ ಕಾಣುತ್ತೇನೆ, ಮತ್ತು ಇದಕ್ಕಾಗಿ ಅವರನ್ನು ದೂರುವ ಮನಸ್ಸು ನನಗೆ ಬರುವುದಿಲ್ಲ.

ಇಷ್ಟಾದರೂ ಏಳನೆಯ ನಡೆಯ ನಷ್ಟವನ್ನು ಹಿಗ್ಗಿಸಿ ಹೇಳಬಾರದು. ಎರಡೂ ಆಯ್ಕೆಗಳ ಹಳೆಯ ಪೂರ್ಣ ಸರಣಿಯನ್ನು ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು ಹೋಲಿಸಿದೆವು. ಆರ್-16ರಲ್ಲಿ ತಡೆದರೆ ಬಿಳಿ ಕ್ಯೂ-17, ಕಪ್ಪು ಪಿ-17, ಬಿಳಿ ಪಿ-18, ಕಪ್ಪು ಓ-18, ಬಿಳಿ ಕ್ಯೂ-18, ಕಪ್ಪು ಓ-17, ಬಿಳಿ ಎಸ್-16, ಕಪ್ಪು ಎಸ್-15, ಬಿಳಿ ಎಸ್-17, ಕಪ್ಪು ಆರ್-15. ಬಲಬದಿಯಲ್ಲಿ ಕಪ್ಪಿನ ಗಡಿ 15ನೆಯ ಸಾಲಿನಲ್ಲಿ ನಿಲ್ಲುತ್ತದೆ. ಕ್ಯೂ-17ರಲ್ಲಿ ತಡೆದು ಇದರದೇ ಪ್ರತಿಬಿಂಬವನ್ನು ಆಡಿದರೆ ಗಡಿ 14ನೆಯ ಸಾಲಿನಲ್ಲಿ ನಿಲ್ಲುತ್ತದೆ. ಅಂದರೆ ಸರಣಿ ಪೂರ್ತಿಯಾದರೆ ತಪ್ಪು ದಿಕ್ಕಿನ ಬೆಲೆ ಬಲಬದಿಯಲ್ಲಿ ಒಂದು ಸಾಲು, ಜೊತೆಗೆ ಕ್ಯೂ-10ಕ್ಕೆ ಗೋಡೆ ತುಸು ಹತ್ತಿರವಾಗಿ ಕಲ್ಲುಗಳು ಒತ್ತೊತ್ತಾಗುವುದು. ಈ ಹೋಲಿಕೆಯನ್ನು ನೋಡಿ ಅವಳ ಮುಖದಲ್ಲಿ ಸಮಾಧಾನ ಕಂಡಿತು, ಏಕೆಂದರೆ ಏಳನೆಯ ನಡೆಯೇ ಆಟವನ್ನು ಕೆಡಿಸಿತು ಎಂದು ಅಷ್ಟರಲ್ಲಿ ಅವಳು ತೀರ್ಮಾನ ಬದಲಿಸಿಕೊಂಡಿದ್ದಳು.

ನಷ್ಟವನ್ನು ಬೆಳೆಸಿದ್ದು ಒಂಬತ್ತನೆಯ ನಡೆ. ಬಿಳಿ ಎಂಟನೆಯ ನಡೆಯಲ್ಲಿ ಆರ್-16ಕ್ಕೆ ಚಾಚಿದಾಗ ಕಪ್ಪು ಆರ್-15ರಲ್ಲಿ ಅದರ ಮುಂದೆ ಅಡ್ಡಬಾಗಬೇಕಿತ್ತು. ಇದನ್ನೇ ಹನೆ ಎನ್ನುವುದು. ಬಿಳಿ ಎಸ್-15ರಲ್ಲಿ ತಿರುಗಿ ಬಾಗಿದರೆ ಕಪ್ಪು ಆರ್-14ಕ್ಕೆ ಶಾಂತವಾಗಿ ಚಾಚಿದರೂ ಆಗುತ್ತಿತ್ತು, ಬಿಳಿ ಬಲ ಅಂಚಿನಿಂದ ಎರಡನೆಯ ಗೆರೆಯಲ್ಲಿ ತೆವಳಬೇಕಾಗುತ್ತಿತ್ತು. ಅದರ ಬದಲು ಅವಳು ಕ್ಯೂ-15ಕ್ಕೆ ನೆಟ್ಟಗೆ ಹಿಂದೆ ಸರಿದಳು. ಹನೆ ಆಡಿದರೆ ಕ್ಯೂ-15ರಲ್ಲಿ ಕಡಿತದ ಬಿಂದು, ಅಂದರೆ ಎದುರಾಳಿ ಕಲ್ಲಿಟ್ಟು ನಮ್ಮ ಕಲ್ಲುಗಳನ್ನು ಬೇರ್ಪಡಿಸಬಹುದಾದ ಜಾಗ, ಉಳಿಯುತ್ತದೆ, ಅಲ್ಲಿ ಬಿಳಿ ಕಡಿದುಬಿಟ್ಟರೆ ಎಂಬ ಭಯ. ಹಿಂದೊಮ್ಮೆ ಇಂಥ ಕಡಿತದಿಂದಲೇ ಅವಳು ಆಟ ಕಳೆದುಕೊಂಡಿದ್ದಳಂತೆ. ವಾಸ್ತವವಾಗಿ ಆ ಹಂತದಲ್ಲಿ ಬಿಳಿ ಕಡಿದರೆ ಸಾಮಾನ್ಯವಾಗಿ ಮೊದಲು ತೊಂದರೆಗೆ ಸಿಗುವುದು ಮೂಲೆಯಲ್ಲಿ ಇನ್ನೂ ನೆಲೆ ಕಾಣದ ಬಿಳಿ ಕಲ್ಲುಗಳೇ. ಇದನ್ನು ಮಾತಿನಲ್ಲಿ ಒಪ್ಪಿಸುವುದಕ್ಕಿಂತ ಆಡಿ ತೋರಿಸುವುದು ಸುಲಭ. ಗುಂಪಿನ ಇನ್ನೊಬ್ಬ ಹುಡುಗ ಬಿಳಿ ಹಿಡಿದು ಬೇರೆ ಬೇರೆ ರೀತಿಯಲ್ಲಿ ಕಡಿದು ನೋಡಿದ, ಮೂಲೆ ಉಳಿಯಲಿಲ್ಲ.

ಕ್ಯೂ-15ರ ನಂತರ ಬಿಳಿ ಆರ್-15, ಕಪ್ಪು ಕ್ಯೂ-14, ಬಿಳಿ ಆರ್-14, ಕಪ್ಪು ಕ್ಯೂ-13. ಹದಿಮೂರು ನಡೆಗಳಿಗೆ ಚಿತ್ರ ಹೀಗಾಯಿತು: ಮೂರನೆಯ ಗೆರೆಯ ಮೇಲೆ ನಾಲ್ಕು ಬಿಳಿ ಕಲ್ಲುಗಳು ಸಾಲಾಗಿ ನಿಂತಿವೆ, ಅವುಗಳ ಹಿಂದೆ ಹದಿನೈದರ ಆಸುಪಾಸು ಅಂಕದ ಮೂಲೆ, ಪೂರ್ಣ ಸರಣಿಯಲ್ಲಿ ಅದು ಏಳೆಂಟು ಅಂಕಕ್ಕೆ ಮುಗಿಯುತ್ತಿತ್ತು. ನಾಲ್ಕನೆಯ ಗೆರೆಯಲ್ಲಿ ಕ್ಯೂ-13ರಿಂದ ಕ್ಯೂ-17ರವರೆಗೆ ಐದು ಕಪ್ಪು ಕಲ್ಲುಗಳ ಗೋಡೆ, ಮುಖ ಪೂರ್ತಿ ಎಡಕ್ಕೆ. ಬಲಬದಿಯನ್ನು ಹಿಡಿಯಲೆಂದು ಇಟ್ಟ ಕ್ಯೂ-10 ಈಗ ಆ ಗೋಡೆಯದೇ ಬಾಲದಂತೆ ಉಳಿದಿದೆ, ಬಲ ಅಂಚಿನ ಕಡೆಯಲ್ಲಿ ಆರ್-13, ಎಸ್-12ರತ್ತ ಬಿಳಿಗೆ ದಾರಿ ತೆರೆದಿದೆ. ಹದಿನಾಲ್ಕನೆಯ ನಡೆಯಲ್ಲಿ ಬಿಳಿ ಮೂಲೆಯನ್ನು ಹಾಗೆಯೇ ಬಿಟ್ಟು ಮೇಲ್ಬದಿಯ ನಡುವಿಗೆ, ಕೆ-17ಕ್ಕೆ ಹೋಯಿತು.

ಈಗ ನಾನು ಮೊದಲೇ ಹೆಸರಿಸಿದ ಹದಿನೈದನೆಯ ನಡೆ. ಇಲ್ಲಿಗೆ ಬರುವ ಹೊತ್ತಿಗೆ ಕಪ್ಪು ಹಿಂದೆ ಬಿದ್ದಿದ್ದರೂ ಆಟ ಕೈಬಿಟ್ಟಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಟಾಗೋ ಗೆಲುವಿನ ಸಂಭವವನ್ನಷ್ಟೇ ಅಲ್ಲದೆ ಅಂಕಗಳ ಅಂತರವನ್ನೂ ಅಂದಾಜಿಸುತ್ತದೆ. ಆ ಅಂತರ ಇಲ್ಲಿ ಸಣ್ಣದಾಗಿಯೇ ಇತ್ತು. ಕಪ್ಪಿನ ಬಳಿ ಒಂದು ನಿಜವಾದ ಆಸ್ತಿ ಇತ್ತು: ಐದು ಕಲ್ಲುಗಳ, ಕಡಿಯಲಾಗದ ಗೋಡೆ. ಗೋಡೆಯಿಂದ ನೇರವಾಗಿ ಅಂಕ ಹುಟ್ಟುವುದಿಲ್ಲ. ಎದುರಾಳಿಯ ನೆಲೆಯಿಲ್ಲದ ಕಲ್ಲುಗಳನ್ನು ಅದರತ್ತ ಅಟ್ಟಿದಾಗ, ಅವು ಓಡುತ್ತಿರುವಷ್ಟು ಹೊತ್ತು ಕಪ್ಪು ಬೇರೆ ಕಡೆ ಜಾಗ ಕಟ್ಟಿಕೊಳ್ಳುತ್ತದೆ. ಗೋಡೆಯ ಆದಾಯ ಅದು. ಹಾಗೆ ಅಟ್ಟಲು ಹಲಗೆಯ ಮೇಲೆ ಒಂದೇ ಒಂದು ಗುರಿ ಇತ್ತು. ಅದು ಆಗ ತಾನೇ ಬಂದು ಕೂತ, ಒಂಟಿಯಾದ ಕೆ-17. ಕಪ್ಪು ಜಿ-17ಕ್ಕೋ ಎಫ್-17ಕ್ಕೋ ಹೋಗಿದ್ದರೆ ಕೆ-17ಕ್ಕೆ ಒಂದು ಕಡೆ ಆ ಕಲ್ಲು, ಇನ್ನೊಂದು ಕಡೆ ಗೋಡೆ. ಡಿ-16ರ ಮೂಲೆಯ ಕಡೆಯಿಂದ ಬರುವ ಸಹಾಯವೂ ಕಡಿಯುತ್ತಿತ್ತು.

ಅವಳು ಎಂ-17 ಆಡಿದಳು. ಗೋಡೆಯ ಕಡೆಯಿಂದ ಒತ್ತಿ ಕೆ-17ನ್ನು ಅದರ ಮನೆಯತ್ತಲೇ ಕಳುಹಿಸಿದಳು. ಬಿಳಿ ಹದಿನಾರನೆಯ ನಡೆಯಲ್ಲಿ ಜಿ-17ಕ್ಕೆ ಎರಡು ಬಿಂದು ಬಿಟ್ಟು ಚಾಚಿತು. ಅಲ್ಲಿಗೆ ಮೇಲ್ಬದಿಯ ಬಿಳಿ ಕಲ್ಲುಗಳು ನೆಲೆ ಕಂಡುಕೊಂಡವು, ಎಡಮೇಲಿನ ಮೂಲೆಯೂ ಅದರೊಂದಿಗೆ ಗಟ್ಟಿಯಾಯಿತು. ಪ್ರತಿಯಾಗಿ ಕಪ್ಪಿಗೆ ಸಿಕ್ಕಿದ್ದು ಎಂ-17 ಮತ್ತು ಗೋಡೆಯ ನಡುವಿನ ಮೂರು ಸಾಲು, ಹೆಚ್ಚೆಂದರೆ ಹತ್ತು ಅಂಕ, ಅದರೊಳಕ್ಕೂ ಬಿಳಿ ಕ್ಯೂ-18ರಲ್ಲಿ ಮೂಗು ತೂರಿಸಬಹುದು. ಎರಡು ಕಲ್ಲಿನ ಗೋಡೆಯಿಂದ ಮೂರು ಬಿಂದು ಬಿಟ್ಟು ಚಾಚು ಎಂಬುದು ಗೋ ಕಲಿಯುವವರಿಗೆ ಮೊದಲು ಹೇಳಿಕೊಡುವ ಲೆಕ್ಕ. ಐದು ಕಲ್ಲಿನ ಗೋಡೆಯಿಂದಲೂ ಮೂರೇ ಬಿಂದು ಬಿಟ್ಟರೆ ಉಳಿದ ಕಲ್ಲುಗಳ ದುಡಿಮೆ ವ್ಯರ್ಥವಾಯಿತೆಂದೇ ಅರ್ಥ.

ಕಾರಣ ಕೇಳಿದಾಗ ಅವಳು ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು. "ಮೂಲೆ ಹೋಯ್ತಲ್ಲ ಸರ್, ಇಲ್ಲಾದ್ರೂ ಒಂದಿಷ್ಟು ಜಾಗ ನನ್ನದು ಅಂತ ಗಟ್ಟಿ ಮಾಡ್ಕೋಬೇಕು ಅನ್ನಿಸ್ತು."

"ಗಟ್ಟಿಯಾಗಿದ್ದು ಯಾರ ಜಾಗ ನೋಡಮ್ಮ" ಎಂದು ಜಿ-17ರ ಕಲ್ಲನ್ನು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, ಎಂ-17ರ ಕಲ್ಲನ್ನು ತಾನೇ ತೆಗೆದಳು.

ಯಂತ್ರ ಈ ನಡೆಯನ್ನು ಏಕೆ ದೊಡ್ಡ ತಪ್ಪೆಂದು ತೋರಿಸಲಿಲ್ಲ? ಯಂತ್ರದ ಅಂದಾಜು ನಿಂತಿರುವುದು ಮುಂದಿನ ಆಟವನ್ನು ಎರಡೂ ಕಡೆಯವರು ಯಂತ್ರದಷ್ಟೇ ಚೆನ್ನಾಗಿ ಆಡುತ್ತಾರೆ ಎಂಬ ಊಹೆಯ ಮೇಲೆ. ಗೋಡೆಯ ಶಕ್ತಿಯನ್ನು ನಡುಬಯಲಿನಲ್ಲಿ ಸಣ್ಣ ಸಣ್ಣ ಲಾಭಗಳಾಗಿ ವಸೂಲು ಮಾಡುವ ದಾರಿಗಳು ಅದಕ್ಕೆ ಇನ್ನೂ ಕಾಣುತ್ತಿದ್ದವು. 7 ಕ್ಯು ದರ್ಜೆಯ ಆಟಗಾರ್ತಿಗೆ ಆ ದಾರಿಗಳು ಕಾಣುವುದಿಲ್ಲ. ಅವಳಿಗೆ ಕಾಣುವಂಥ ಉಪಯೋಗ ಒಂದೇ ಇತ್ತು, ಕೆ-17ರ ಬೇಟೆ, ಅದನ್ನು ಅವಳೇ ಮುಗಿಸಿಬಿಟ್ಟಳು. ಆದ್ದರಿಂದ ಯಂತ್ರದ ಗೆರೆ ಎಷ್ಟು ಇಳಿಯಿತು ಎಂಬುದರ ಜೊತೆಗೆ, ಆ ನಡೆಯಿಂದ ಆಡುವವರಿಗೆ ಅರ್ಥವಾಗುವ ಎಷ್ಟು ದಾರಿಗಳು ಮುಚ್ಚಿದವು ಎಂಬುದನ್ನೂ ಪರಿಶೀಲಿಸುವವರು ನೋಡಬೇಕೆಂದು ನನ್ನ ದೃಢವಾದ ಅಭಿಪ್ರಾಯ. ಆ ಅಳತೆಯಲ್ಲಿ ಈ ಆಟದ ಅತ್ಯಂತ ದುಬಾರಿ ನಡೆ ಹದಿನೈದನೆಯದೇ, 51ನೆಯದಲ್ಲ.

ಮುಂದಿನದನ್ನು ಬೇಗ ಹೇಳಬಹುದು. ಹದಿನೇಳರಿಂದ ಇಪ್ಪತ್ತೊಂದರವರೆಗೆ ಎಡಗೆಳಗಿನ ಮೂಲೆಯಲ್ಲಿ ಎಲ್ಲರಿಗೂ ತಿಳಿದಿರುವ ಸರಣಿ: ಕಪ್ಪು ಎಫ್-3, ಬಿಳಿ ಸಿ-6, ಕಪ್ಪು ಡಿ-2, ಬಿಳಿ ಸಿ-3, ಕಪ್ಪು ಜೆ-3. ತಪ್ಪೇನಿಲ್ಲ. ಇಪ್ಪತ್ತೆರಡರಲ್ಲಿ ಬಿಳಿ ಬಲಗೆಳಗಿನ ಮೂಲೆಯ ಆರ್-3ಕ್ಕೂ ನುಗ್ಗಿತು. ಇಲ್ಲಿ ಜೆ-3 ಮತ್ತು ಕ್ಯೂ-10 ಎರಡೂ ಕಡೆ ಕಪ್ಪಿನ ಕಲ್ಲುಗಳಿದ್ದುದರಿಂದ ಯಾವ ದಿಕ್ಕಿನ ತಡೆಗೂ ಸಮರ್ಥನೆ ಇದೆ, ಅವಳ ಆಯ್ಕೆಯ ಬಗ್ಗೆ ನನಗೆ ತಕರಾರಿಲ್ಲ. ಮೂವತ್ತೈದನೆಯ ನಡೆಯ ಹೊತ್ತಿಗೆ ನಾಲ್ಕು ಮೂಲೆಗಳೂ ಬಿಳಿಯವಾಗಿದ್ದವು. ಕಪ್ಪಿಗೆ ಉಳಿದದ್ದು ನಡುಬಯಲು. ಮೂವತ್ತಾರರಲ್ಲಿ ಬಿಳಿ ಒಂದು ಹಗುರವಾದ ಕಲ್ಲನ್ನು ಅಲ್ಲಿಗೆ ಬಿಟ್ಟಿತು. ಅದನ್ನು ಅಟ್ಟಲು ಕಪ್ಪು ಎಷ್ಟೇ ಪ್ರಯತ್ನಿಸಿದರೂ ಅದು ಜಿ-17, ಕೆ-17ರ ಗಟ್ಟಿ ಕಲ್ಲುಗಳತ್ತ ಸರಾಗವಾಗಿ ಮನೆ ಸೇರಿಕೊಂಡಿತು. ಆ ಎರಡು ಕಲ್ಲುಗಳು ದುರ್ಬಲವಾಗಿದ್ದಿದ್ದರೆ ಮೂವತ್ತಾರನೆಯ ಕಲ್ಲು ಬರುವ ಧೈರ್ಯವನ್ನೇ ಮಾಡುತ್ತಿರಲಿಲ್ಲ.

ನಡುಬಯಲೂ ಕರಗಿದ ಮೇಲೆ ಅವಳು ಎಣಿಸಿ ನೋಡಿದಳು. ಆ ಎಣಿಕೆ ಸರಿಯಾಗಿತ್ತು ಎಂಬುದನ್ನು ಇಲ್ಲಿ ಮೆಚ್ಚುಗೆಯಿಂದ ದಾಖಲಿಸಬೇಕು: ಸುಮ್ಮನೆ ಗಡಿಗಳನ್ನು ಮುಚ್ಚುತ್ತ ಹೋದರೆ ಸೋಲು ಖಚಿತ. ಎಡಬದಿಯೊಂದೇ ಇನ್ನೂ ತೆರೆದಿದ್ದ ಜಾಗ, ಆದ್ದರಿಂದ ಅಲ್ಲಿಗೆ ನುಗ್ಗಿದಳು. ಸುತ್ತಲೂ ಬಿಳಿ ಗಟ್ಟಿಯಾಗಿರುವಾಗ ಅಲ್ಲಿ ಬದುಕುವುದು ಅವಳಿಗಿಂತ ಬಲವಾದವರಿಗೂ ಕಷ್ಟವಿತ್ತು. ಎರಡು ಕಣ್ಣಿನ ದಾರಿ ಒಂದಿತ್ತು ಎಂಬ ಅವಳ ಮಾತು ನಿಜ, ಯಂತ್ರವೂ ಅದನ್ನು ತೋರಿಸಿತು. ಆದರೆ ಅದು ಹನ್ನೆರಡು ನಡೆಗಳಷ್ಟು ಆಳದ ಒಂದೇ ದಾರಿ. ಅದನ್ನು ಕಾಣದಿದ್ದುದನ್ನು ಸೋಲಿನ ಕಾರಣವೆಂದು ಕರೆದರೆ, ಮುಂದಿನ ಆರು ತಿಂಗಳು ಅವಳು ಜೀವ-ಮರಣದ ಲೆಕ್ಕಗಳನ್ನಷ್ಟೇ (ಕಲ್ಲುಗಳ ಗುಂಪು ಉಳಿಯುತ್ತದೆಯೇ ಸೆರೆಯಾಗುತ್ತದೆಯೇ ಎಂಬ ಅಭ್ಯಾಸದ ಲೆಕ್ಕಗಳು) ಬಿಡಿಸುತ್ತ ಕೂರುತ್ತಾಳೆ, ಮತ್ತೆ ಇಂಥದೇ ಮೂಲೆಯಲ್ಲಿ ನಾಲ್ಕು ಸೆಕೆಂಡಿಗೆ ಕ್ಯೂ-17 ಆಡುತ್ತಾಳೆ.

ಅಭ್ಯಾಸಕ್ಕೆ ಕೊಟ್ಟದ್ದು ಎರಡೇ ಕೆಲಸ. ಬಾಯಿಪಾಠವಿರುವ ಪ್ರತಿ ಜೋಸೆಕಿಯನ್ನೂ ಹಲಗೆಯ ಮೇಲೆ ಇಟ್ಟು, ಅಕ್ಕಪಕ್ಕದ ಬದಿಗಳಲ್ಲಿ ಒಂದೊಂದು ಕಲ್ಲನ್ನು ಸೇರಿಸಿ, ತೆಗೆದು, ಆಗಲೂ ಅದೇ ದಿಕ್ಕು ಸರಿಯೇ ಎಂದು ಬಾಯಿಬಿಟ್ಟು ಕಾರಣ ಹೇಳುವುದು ಒಂದು. ಹದಿನಾಲ್ಕನೆಯ ನಡೆಯವರೆಗಿನ ಈ ಆಟದ ಸ್ಥಿತಿಯಿಂದಲೇ ಗುಂಪಿನ ಬೇರೆ ಬೇರೆಯವರ ವಿರುದ್ಧ ಮತ್ತೆ ಆಡುವುದು ಇನ್ನೊಂದು. ಎರಡನೆಯದನ್ನು ಅಂದೇ ಶುರು ಮಾಡಿದೆವು. ಅವಳು ಎಫ್-17 ಆಡಿದಳು. ಬಿಳಿ ಹಿಡಿದ ಹುಡುಗ ಕೆ-15ಕ್ಕೆ ಜಿಗಿದು ನಡುಬಯಲಿಗೆ ಓಡಲು ನೋಡಿದ. ಅವನು ಓಡುತ್ತಿದ್ದಷ್ಟು ಹೊತ್ತೂ ಅವಳ ಕಲ್ಲುಗಳು ಕೆಳಬದಿಯತ್ತ ಬೆಳೆಯುತ್ತ ಹೋದವು, ಬಲಗೆಳಗಿನ ಮೂಲೆಗೆ ನುಗ್ಗಲು ಬಿಳಿಗೆ ಪುರುಸೊತ್ತೇ ಸಿಗಲಿಲ್ಲ. ಆದರೆ ಬಲಬದಿಯಲ್ಲಿ ಬಿಳಿ ಆರ್-13ಕ್ಕೆ ಚಾಚಿ ಕ್ಯೂ-10ರ ಬುಡಕ್ಕೆ ಜಾರುವ ದಾರಿ ಹಾಗೆಯೇ ಉಳಿದಿತ್ತು. ಅಟ್ಟುವುದನ್ನು ಒಂದು ನಡೆ ನಿಲ್ಲಿಸಿ ಆರ್-13ರಲ್ಲಿ ಅದನ್ನು ಮುಚ್ಚಬೇಕೇ, ಮುಚ್ಚುವುದಾದರೆ ಕೆ-15ರ ಮೊದಲೋ ನಂತರವೋ ಎಂಬುದರಲ್ಲಿ ಅವಳಿಗೂ ನನಗೂ ಒಮ್ಮತವಿಲ್ಲ. ಅವಳು ಮೊದಲೇ ಮುಚ್ಚಬೇಕೆನ್ನುತ್ತಾಳೆ. ಅದನ್ನು ಎರಡೂ ರೀತಿಯಲ್ಲಿ ಆಡಿ ನೋಡುತ್ತಿದ್ದೇವೆ.